ಕೆಂಪು ವೈನಿನಲ್ಲಿ ನೊರೆ

ನವೆಂಬರ್ 9, ಬೆಳಿಗ್ಗೆ 11

ಸ್ಟಾಕ್ ಚೆಕ್. ಇಟಾಲಿಯನ್ ವಾರಕ್ಕೆಂದು ಹನ್ನೆರಡು ಬಾಟಲಿ ಲಾಂಬ್ರುಸ್ಕೊ ಬಂತು, ನಾನು ನೋಡುವುದು ಇದೇ ಮೊದಲು. ಕೆಂಪು ವೈನ್, ಇಟಲಿಯ ಎಮಿಲಿಯಾ ಅನ್ನುವ ಕಡೆಯದು. ದ್ರಾಕ್ಷಿಯ ಹೆಸರೂ ಅದೇ. ಹೊಸ ಹುಡುಗಿ ಜೆಸ್ಸಿಕಾಳ ಕೈಯಲ್ಲಿ ಸ್ಟೋರಿನಲ್ಲಿ ಇಡಿಸಿದೆ. ನಮ್ಮೂರು ಶಿರ್ವದ ಹಿಲ್ಡಾ ಬಾಯಿಯ ಮಗಳು. ಮಸ್ಕತ್ತಿನ ಈ ಹೋಟೆಲಿಗೆ ಸೇರಿಸಿದ್ದು ನಾನೇ. ಅವಳ ಪ್ರೊಬೇಷನ್ ಮುಗಿಯಲು ಇನ್ನು ಇಪ್ಪತ್ತು ದಿನ.

ನವೆಂಬರ್ 10, ಮಧ್ಯಾಹ್ನ 3

ಮೈಯೆಲ್ಲ ಉರಿಯುತ್ತಿದೆ. ಲಂಚ್ ಹೊತ್ತಿಗೆ ಜೆಸ್ಸಿಕಾ ಗೆಸ್ಟಿಗೆ ಲಾಂಬ್ರುಸ್ಕೊ ಸುರಿದಳು — ಗ್ಲಾಸ್ ತುಂಬ ನೊರೆ! ಅಮ್ಮ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ಹಾಕಿ ವೈನ್ ಮಾಡುವುದನ್ನು ನೋಡುತ್ತ ಬೆಳೆದವನು ನಾನು. ಬಾಟಲಿಗೆ ತುಂಬಿದ ಮೇಲೆ ನೊರೆ ಎದ್ದರೆ ಕೆಟ್ಟಿತು ಎಂದೇ ಲೆಕ್ಕ. ಗೆಸ್ಟ್ ಎದುರಿನಲ್ಲೇ ಅವಳ ಕೈಯಿಂದ ಬಾಟಲಿ ಕಿತ್ತುಕೊಂಡೆ. ಉಳಿದ ಹನ್ನೊಂದನ್ನೂ ಸಿಂಕಿಗೆ ಸುರಿದೆ.

"ಬಿಸಿಲಲ್ಲಿ ಬಿಟ್ಟು ಮೊಬೈಲ್ ಒತ್ತುತ್ತಾ ಕೂತಿದ್ದೆಯಾ?"

"ಇಲ್ಲ ಅಂಕಲ್, ಸೀದಾ ಸ್ಟೋರಲ್ಲೇ ಇಟ್ಟದ್ದು. ಇದು ಹೀಗೇ ಇರುವುದಂತೆ, ಲೇಬಲಿನಲ್ಲಿ ಉಂಟು..."

"ನನಗೆ ಕಲಿಸ್ಲಿಕ್ಕೆ ಬರ್ಬೇಡ!"

ಹದಿನೆಂಟು ವರ್ಷ ಮಸ್ಕತ್ತಿನಲ್ಲಿ ಬಾಟಲಿ ಬಿಚ್ಚಿದವನಿಗೆ ಮೊನ್ನೆ ಬಂದವಳ ಪಾಠ. ತಪ್ಪು ಅವಳದ್ದೆಂದು ಮ್ಯಾನೇಜರಿಗೆ ರಿಪೋರ್ಟ್ ಬರೆದು ಕೊಟ್ಟೆ. ಬುದ್ಧಿ ಬರಲಿ.

ನವೆಂಬರ್ 17

ಬುದ್ಧಿ ಬರಲಿ ಅಂದದ್ದು, ಕೆಲಸ ಹೋಗಲಿ ಎಂದಲ್ಲ. ಎಚ್‌ಆರ್‌ನವರು ಜೆಸ್ಸಿಕಾಳನ್ನು ಪ್ರೊಬೇಷನ್ನಿನಲ್ಲೇ ತೆಗೆದುಹಾಕಿದರು. ವೀಸಾ ಕ್ಯಾನ್ಸಲ್. ಹಿಲ್ಡಾ ಬಾಯಿಗೆ ನಾನೇ ಫೋನ್ ಮಾಡಿ ಹೇಳಿದೆ, ತಪ್ಪು ನಿಮ್ಮ ಮಗಳದ್ದೇ ಎಂದು. ಆಕೆ ಅತ್ತರು. ಮತ್ತೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ.

ನವೆಂಬರ್ 19, ಬೆಳಿಗ್ಗೆ 10

ಸಪ್ಲೈಯರ್ ಕಡೆಯ ಕಿಶನ್ ಘಾಲಾದ ಗೋದಾಮಿನಿಂದ ಬಂದ. ಚೆಲ್ಲಿದ್ದಕ್ಕೆ ಬದಲಾಗಿ ಹೊಸ ಬಾಟಲಿ ತರಿಸಿದ್ದೆ. ಒಂದನ್ನು ನನ್ನೆದುರೇ ಬಿಚ್ಚಿದ. ನೊರೆ.

"ಲಿಗೋರಿಯಣ್ಣ, ಲಾಂಬ್ರುಸ್ಕೊ ಅಂದ್ರೆ ಇದುವೇ. ನೊರೆ ಬರದಿದ್ರೆ ನೀವು ಕಂಪ್ಲೇಂಟ್ ಕೊಡ್ಬೇಕು!"

ಹಲ್ಲು ಕಿರಿದ. ತಣ್ಣಗೆ ಮಾಡಿ ಕುಡಿಯುವ ಕೆಂಪು ವೈನಂತೆ. ಕುಡಿದೆ. ಚೆನ್ನಾಗಿತ್ತು. ಹಾಳಾದ್ದು, ಚೆನ್ನಾಗಿತ್ತು!

ಮಧ್ಯಾಹ್ನ 1

ಮ್ಯಾನೇಜರ್ ಹತ್ತಿರ ಹೋಗಿ ತಪ್ಪು ನನ್ನದು ಎಂದೆ. "ಖಲಾಸ್, ಲಿಗೋರಿ. ಪೇಪರ್ಸ್ ಆಗಿದೆ." ಕಂಪ್ಯೂಟರಿನಿಂದ ಕಣ್ಣೂ ಎತ್ತಲಿಲ್ಲ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಅವನು ನಂಬಿದ್ದು ನನ್ನ ರಿಪೋರ್ಟನ್ನೇ ಅಲ್ಲವೇ. ಬಾರಿಸಿಕೊಳ್ಳಬೇಕಾದವನು ನಾನು.

ಸಂಜೆ 5

ಜೆಸ್ಸಿಕಾ ಹಾಸ್ಟೆಲ್ ಬಾಗಿಲಲ್ಲೇ ನಿಂತು ಮಾತಾಡಿದಳು. ನಾಳೆ ಫ್ಲೈಟ್. ಕ್ಷಮೆ ಕೇಳಿದೆ.

"ನನಗೆ ಸಾರಿ ಬೇಡ ಅಂಕಲ್. ನಾನು ಎಷ್ಟು ಹೇಳಿದ್ರೂ ಮಮ್ಮಿ ನಂಬುದಿಲ್ಲ. ಲಿಗೋರಿ ಸುಳ್ಳು ಹೇಳುವವರಲ್ಲ ಅಂತಾರೆ."

ಫೋನ್ ಕೈಯಲ್ಲೇ ಇದೆ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ನಾಲಿಗೆ ಹೊರಳುವುದಿಲ್ಲ.

ಹಿಲ್ಡಾ ಬಾಯಿ, ಲಿಗೋರಿ ಮಾತಾಡುವುದು. ನಿಮ್ಮ ಮಗಳು ಸರಿಯಾಗಿಯೇ ಹೇಳಿದ್ದಳು. ನಾನು —