ಬತ್ತೀನಿ ಕಣಮ್ಮಿ

ಗುಂಡ್ಲುಪೇಟೆ
14-8-2025, ಗುರುವಾರ

ಪ್ರೀತಿಯ ರಂಜಿನಿ,

ನಾವೆಲ್ಲ ಚೆನ್ನಾಗಿದ್ದೇವೆ ಎಂದೇ ಶುರು ಮಾಡಬೇಕು, ಮಾಡಿದ್ದೇನೆ. ತಡವಾಯಿತೆಂದು ಬೈಯಬೇಡ. ಚೆಂಡುಹೂವಿನ ಕೊಯ್ಲು, ನನ್ನ ಗೂಡ್ಸ್ ಆಟೋಗೆ ಬಿಡುವೇ ಇಲ್ಲ. ಪೊಲೀಸ್ ತರಬೇತಿಯಲ್ಲಿ ನಿಮ್ಮ ಕೈಗೆ ಫೋನ್ ಕೊಡುವುದು ಭಾನುವಾರ ಮಾತ್ರ. ಆಗ ನಮ್ಮ ಬಿಲ್ವ ನನ್ನ ತೊಡೆಯ ಮೇಲೇ ಇರುತ್ತಾಳೆ. ಮಗಳೆದುರು ಇದನ್ನು ಹೇಳಲಾರೆ.

ಅವಳಿಗೆ ಮತ್ತೆ ಮತ್ತೆ ಉಸಿರು ಕಟ್ಟುತ್ತಿದೆ. ಅಳಲು ಬಾಯಿ ತೆರೆಯುತ್ತಾಳೆ, ದನಿಯೇ ಬರುವುದಿಲ್ಲ. ತುಟಿ ನೀಲಿಯಾಗಿ ಕೈಯಲ್ಲೇ ಸೋತು ಬೀಳುತ್ತಾಳೆ. ಆಮೇಲೆ ಏನೂ ಆಗದವಳಂತೆ ಎದ್ದು ಬೆಲ್ಲ ಕೇಳುತ್ತಾಳೆ. ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿರುತ್ತದೆ.

ಮಕ್ಕಳ ಡಾಕ್ಟರಿಗೆ ತೋರಿಸಿದೆ. ಎರಡು ವರ್ಷದ ಮಕ್ಕಳಲ್ಲಿ ಇದು ಉಂಟು, ಪ್ರಾಣಕ್ಕೇನೂ ಆಗದು, ಬೆಳೆದಂತೆ ಹೋಗುತ್ತದೆ ಎಂದರು. ರಕ್ತ ಕಡಿಮೆಯಿದೆ ಎಂದು ಟಾನಿಕ್ ಬರೆದರು. ಮಗ್ಗುಲಾಗಿ ಮಲಗಿಸಿ ಸುಮ್ಮನೆ ಪಕ್ಕದಲ್ಲಿ ಕೂರಬೇಕಂತೆ. ಸುಮ್ಮನೆ! ಅವರು ಕೂತು ತೋರಿಸಲಿ. "ಕೋಪಕ್ಕೆ ಬರುತ್ತಾ, ಹೆದರಿಕೆಗಾ?" ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ನಾನು ಆಟೋ ಹತ್ತುವಾಗ ಆಗುತ್ತದೆ, ಪಕ್ಕದ ಮನೆ ಕರಿಬಸಮ್ಮ ಹರಟೆ ಮುಗಿಸಿ ಏಳುವಾಗಲೂ ಆಗುತ್ತದೆ. ಮೊನ್ನೆ ಭಾನುವಾರ ಫೋನ್ ಕಟ್ಟಾಯಿತಲ್ಲ, ಅದು ತಾನಾಗಿ ಕಟ್ಟಾಗಿದ್ದಲ್ಲ. ಇವಳು ಹಾಗಾದಳೆಂದು ನಾನೇ ಇಟ್ಟುಬಿಟ್ಟೆ.

"ಮಗಾನ ಅಳುಸ್ಬ್ಯಾಡ ಕಣ್ಲಾ, ಕೇಳಿದ್ದ ಕೊಟ್ಬುಡು" ಎನ್ನುತ್ತಾಳೆ ಅವ್ವ. ಹಾಗಾಗಿ ಈಗ ಮನೆಯಲ್ಲಿ ಬಿಲ್ವಳದೇ ದರ್ಬಾರು. ಅಜ್ಜಿಯ ಕನ್ನಡಕ ಅವಳ ಮೂಗಿನ ಮೇಲೆ, ಆಟೋ ಕೀ ಅವಳ ಬಾಯಲ್ಲಿ.

ತರಬೇತಿ ಬಿಟ್ಟು ಬರುವ ಯೋಚನೆ ಮಾತ್ರ ಮಾಡಬೇಡ. ಗೌರಿ ಹಬ್ಬಕ್ಕೆ ರಜೆ ಸಿಕ್ಕಿದೆಯಲ್ಲ, ಸಾಕು. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ. ಅವ್ವ ಆಶೀರ್ವಾದ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಶಿವಮಲ್ಲು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು ನೋಡಿದೆ. ಬಿಲ್ವ ಗೊಂಬೆಯನ್ನು ಚಾಪೆಯ ಮೇಲೆ ಕೂರಿಸಿದಳು. ನಿನ್ನ ಹಳೆಯ ವೇಲ್ ಹೆಗಲಿಗೆ ಹಾಕಿಕೊಂಡು, "ಬತ್ತೀನಿ ಕಣಮ್ಮಿ" ಎಂದು ಅದಕ್ಕೆ ಹೇಳಿ ಬಾಗಿಲಾಚೆ ಹೋದಳು. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ನಿಂತಿದ್ದಳು.

ಆವತ್ತು ತರಬೇತಿಗೆ ಹೊರಟು ಬಸ್ ಹತ್ತುವಾಗ ನೀನು ಇವಳಿಗೆ ಹೇಳಿದ್ದು ಅದೇ. ನಾನೂ ಕರಿಬಸಮ್ಮನೂ ಹೊರಡುವಾಗ ಹೇಳುವುದು ಅದೇ. 'ಹೋಗುತ್ತೇನೆ' ಅನ್ನಬಾರದಲ್ಲ ನಾವು. ಮೊನ್ನೆ ಫೋನಿನಲ್ಲಿ ನೀನು ಎಷ್ಟು ಖುಷಿಯಿಂದ "ಹಬ್ಬಕ್ಕೆ ಬತ್ತೀನಿ ಕಣಮ್ಮಿ" ಅಂದೆ. ಅದನ್ನು ಕೇಳಿಯೇ ಅವಳು ನೀಲಿಯಾಗಿದ್ದು.

ಇನ್ನು ಫೋನ್ ಮಾಡಿದಾಗ ಆ ಮಾತು ಬೇಡ. ಆದರೆ ನೀನು ಬರುತ್ತೀಯ ಎಂದು ಅವಳಿಗೆ ಹೇಗೆ ಹೇಳುವುದು? ಬೇರೆ ಮಾತು ಯಾವುದಿದೆ ನಮ್ಮಲ್ಲಿ, ರಂಜಿನಿ?