ವಾಡಿಯಲ್ಲಿ ಹಳೇ ಕಂಟ್ರಿ

ವಾಡಿ, ಸೋಮವಾರ

ಚಿಂಚೋಳಿಯ ಸುಮಂಗಲಕ್ಕನಿಗೆ ತಂಗಿ ಪೂನಮ್‌ಳ ಶರಣು.

ನಿನ್ನೆ ನಮ್ಮ ಓಣಿಯ ಪಾನನಿರೋಧ ಸಮಿತಿ ಒಂದು ಅಂಗಡಿಯ ಮೇಲೆ ದಾಳಿ ಮಾಡಿತು. ರೇಡಿಯೊ ರಿಪೇರಿಯ ಬಂದೇಅಲಿ ಚಾಚಾ ಬೋರ್ಡ್ ಹಾಕಿದ್ದರು: 'ಇಲ್ಲಿ ಹಳೇ ಕಂಟ್ರಿ ಸಿಗುತ್ತದೆ.' ಕಂಟ್ರಿ ಎಂದರೆ ನಮಗೆ ಗೊತ್ತಿರುವುದು ಸಾರಾಯಿಯೊಂದೇ ಅಲ್ಲವೇ? ಪೊರಕೆ ಹಿಡಿದು ನಾನೂ ಹೋದೆ.

ಚಾಚಾ ತೆಗೆದು ತೋರಿಸಿದ್ದು ಬಾಟಲಿಯಲ್ಲ, ಗ್ರಾಮಫೋನ್ ತಟ್ಟೆ. ಗಿಟಾರ್ ಹಿಡಿದ ಅಮೆರಿಕದ ಹೆಣ್ಣುಮಗಳೊಬ್ಬಳ ಹಳೆಯ ಆಲ್ಬಂ. "ಅಲ್ಲಿ ಹಳ್ಳಿ ಹಾಡಿಗಿ ಕಂಟ್ರಿ ಅಂತಾರವ್ವಾ," ಎಂದು ತಟ್ಟೆ ಹಚ್ಚಿ ಅರ್ಥವನ್ನೂ ಹೇಳಿದರು: "ಗಂಡ ಕುಡಿದು ಬಿದ್ದಾನ. ಈಕಿ ಅವನ ಬೂಟು ಹೊಳ್ಯಾಗ ಒಗದು, ಬರಿಗಾಲಾಗ ಹೋಗು ಅಂತ ಹಾಡ್ಲಿಕತ್ತಾಳ."

ಹೆಂಗಸರೆಲ್ಲ ಪೊರಕೆ ಕೆಳಗಿಟ್ಟು ಕುಳಿತೆವು. ಸಮಿತಿಯ ಅಧ್ಯಕ್ಷ ರಾಮಲಿಂಗಪ್ಪನವರು ಮಾತ್ರ, "ಮೊದಲ ಬಂದ್ ಮಾಡ್ರಿ ಇದನ್ನ, ಹೆಣ್ಮಕ್ಕಳ ತಲಿ ಕೆಡ್ತದ," ಎಂದು ಪ್ಲಗ್ ಕಿತ್ತರು. ಅವರ ಮನೆಯ ಹಿಂದೆಯೇ ಎರಡು ವರ್ಷದಿಂದ ಸಾರಾಯಿ ಮಾರುತ್ತಾರೆ. ಅಲ್ಲಿ ಬೋರ್ಡ್ ಇಲ್ಲದ ಕಾರಣ ಸಮಿತಿಗೆ ಆ ಜಾಗ ಇನ್ನೂ ಸಿಕ್ಕಿಲ್ಲ.

ಇಲ್ಲಿಯ ಧೂಳಿಗೆ ಹತ್ತಿದ್ದ ಕೆಮ್ಮು ಈಗ ಕಡಿಮೆಯಾಗಿದೆ, ಚಿಂತೆ ಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಭಾವ ಕುಡಿದು ಬಂದ ದಿನ ಚಪ್ಪಲಿ ಎಲ್ಲಿ ಬಿಡುತ್ತಾರೆ, ನೋಡಿಟ್ಟುಕೋ. ನಿಮ್ಮ ಹಿತ್ತಲ ಹಿಂದೆಯೇ ಹೊಳೆಯಿದೆ. ನಿನಗೆ ಬಂದ ಕಾಗದವನ್ನು ಮೊದಲು ಅವರೇ ಓದುತ್ತಾರೆಂದು ಗೊತ್ತು. ಅದಕ್ಕೇ ಲಕೋಟೆ ಬಿಟ್ಟು ಕಾರ್ಡು ಹಾಕಿದ್ದೇನೆ.

ಪೂನಮ್