ಬೀಗದೊಳಗಿದ್ದ ಕರಡಿಗೆ

ಇಂಡಿ,
ಗುರುವಾರ, ೨೪-೮-೧೯೭೮

ಜಬಲ್ಪುರದಲ್ಲಿರುವ ನಮ್ಮ ಮನೆಯ ಸಿಪಾಯಿಗೆ, ನಿಮ್ಮ ಸುಂದರವ್ವನ ಶರಣು.

ನಿಮ್ಮ ಕೆಮ್ಮು ಕಡಿಮೆಯಾಯಿತೇ? ಅಲ್ಲಿ ಮಳೆ ಬಿಡುವು ಕೊಡುತ್ತಿಲ್ಲ ಎಂದು ಬರೆದಿದ್ದಿರಿ. ಒದ್ದೆ ಬೂಟು ಹಾಕಿಕೊಂಡು ಕೂರಬೇಡಿ, ಹೇಳುವವರು ಯಾರೂ ಇಲ್ಲವೆಂದು ಮೈಮರೆಯಬೇಡಿ. ನಿಮ್ಮ ಮಗಳು ನೀಲಾ ಈಗ ಬೋರಲು ಬೀಳುತ್ತಾಳೆ. ಮೂಗು ಥೇಟ್ ನಿಮ್ಮದೇ, ದೇವರು ಕೊಟ್ಟದ್ದಕ್ಕೆ ಏನು ಮಾಡುವುದು! ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವಾಗ ನನಗೆ ಇನ್ನೂ ನಾಚಿಕೆ. ಆಚೀಚೆ ನೋಡಿ, ಯಾರೂ ಇಲ್ಲದಾಗ ಬರೆದು ಮಡಚಿಡುತ್ತೇನೆ. ಇರಲಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅತ್ತೆ ಈಗ ಸಿಂದಗಿಯ ಆಶ್ರಮದಲ್ಲಿಲ್ಲ, ನಮ್ಮ ಮನೆಯಲ್ಲೇ ಇದ್ದಾರೆ. ನಿನ್ನೆ ಎರಡೂ ಹೊತ್ತು ಉಂಡಿದ್ದಾರೆ. ಅವರು ಏಳುವುದಕ್ಕೆ ಮುಂಚೆ ಇದನ್ನು ಬರೆಯುತ್ತಿದ್ದೇನೆ. ಮುಂದಿನದನ್ನು ಓದಿ ರಜೆ ಕೇಳಲು ಓಡಬೇಡಿ, ನಾನಿದ್ದೇನೆ.

ಯುಗಾದಿ ಆದ ಮೇಲೆ ಅತ್ತೆಗೆ ಲಕ್ವಾ ಹೊಡೆದು ಬಲಗೈ ಬಿದ್ದು ಮಾತು ನಿಂತಾಗ ನಾನು ಬಾಣಂತನಕ್ಕೆ ಮುದ್ದೇಬಿಹಾಳದ ತವರಿನಲ್ಲಿದ್ದೆ. ಭಾವನವರು ಹೆಂಡತಿ ಇಲ್ಲದ ಗಂಡಸು. ಬಸ್ ಡಿಪೋದ ಕೆಲಸಕ್ಕೆ ಹೋದರೆ ತಾಯಿಗೆ ನೀರು ಕೊಡುವವರೂ ಇಲ್ಲ. ದವಾಖಾನೆ ಪಕ್ಕದಲ್ಲೇ ಇದೆಯೆಂದು ಅಣ್ಣ ತಮ್ಮ ಕೂಡಿ ಆ ಆಶ್ರಮಕ್ಕೆ ಬಿಟ್ಟಿರಿ. ಅದರಲ್ಲಿ ತಪ್ಪೇನೂ ಇಲ್ಲ, ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಮೊದಮೊದಲು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಆದರೆ ನಿಮ್ಮಣ್ಣನವರ ಮರ್ಯಾದೆ ನಿಮಗೆ ಗೊತ್ತಲ್ಲ. ಬೀಗರ ಮನೆಗೆ ಹೋಗುವವರ ಹಾಗೆ ಪ್ರತಿ ಸಲವೂ ಮೊದಲೇ ಹೇಳಿ ಕಳಿಸಿ, ಆಮೇಲೆ ತಾಯಿಯನ್ನು ನೋಡಲು ಹೋಗುತ್ತಿದ್ದರು. ಹೇಳದೆ ಕೇಳದೆ ಇನ್ನೊಬ್ಬರ ಬಾಗಿಲು ತಟ್ಟಬಾರದಂತೆ! ಪಂಚಮಿ ಮುಗಿಸಿ ನಾನು ಇಂಡಿಗೆ ಹೊರಟೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಅತ್ತೆಗೆಂದು ಎರಡು ವಿಭೂತಿ ಗಟ್ಟಿ ಕೊಂಡೆ. ಕಳೆದ ರವಿವಾರ ಭಾವನವರ ಜೊತೆ ಸಿಂದಗಿಗೆ ಹೋದೆ. ಎಂದಿನಂತೆ ಅವರು ಮುಂಚಿತವಾಗಿಯೇ ಹೇಳಿ ಕಳಿಸಿದ್ದರು.

ಗೋಡೆಗೆಲ್ಲ ಸುಣ್ಣ ಬಳಿದು ಅಂಗಳ ಸಾರಿಸಿದ್ದರು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನನ್ನವ್ವ ಸುಮ್ಮನೆ ಹೇಳುವುದಿಲ್ಲ. ಅತ್ತೆಯನ್ನು ಪಡಸಾಲೆಗೆ ತಂದು ಕೂರಿಸಿದ್ದರು. ಮಡಿಕೆ ಬಿಚ್ಚಿದ ಗೆರೆ ಇನ್ನೂ ಹಾಗೇ ಇದ್ದ ಹೊಸ ಸೀರೆ, ಕುತ್ತಿಗೆಯ ಸುತ್ತ ಬಿಗಿಯಾಗಿ ಹೊದಿಸಿದ ಸೆರಗು. ಆದರೆ ಅತ್ತೆ ಅರ್ಧವಾಗಿದ್ದರು ರೀ. ತುಟಿ ಒಡೆದು ರಕ್ತ ಕಟ್ಟಿತ್ತು. ನನ್ನನ್ನು ಕಂಡವರೇ ಎಡಗೈಯಿಂದ ಎದೆ ತಟ್ಟಿಕೊಂಡರು. ಮೊಮ್ಮಗಳನ್ನು ಕೇಳುತ್ತಿದ್ದಾರೆ ಎಂದುಕೊಂಡು ನೀಲಾಳನ್ನು ಅವರ ಎದೆಗೆ ಹಿಡಿದೆ. ಕೂಸಿನ ಕಡೆ ನೋಡಲೂ ಇಲ್ಲ, ಮತ್ತೆ ಮತ್ತೆ ಎದೆ ತಟ್ಟಿಕೊಂಡರು. ಮ್ಯಾನೇಜರ್ ಧೂಳಪ್ಪ ನಗುತ್ತಾ, “ಶ್ರಾವಣ ಅಲ್ಲೇನ್ರಿ, ಅಜ್ಜಿ ವಾರ ಹಿಡದಾರ. ಉಣ್ಣಂದ್ರ ಒಲ್ಲೆ ಅಂತಾರ” ಎಂದ. ತಾಯಿಯ ನೇಮ ನಿಷ್ಠೆ ಬಲ್ಲ ಭಾವನವರು ತಲೆದೂಗಿದರು. ಮಣಿಕಟ್ಟಿನ ಕೆಂಪು ಗೆರೆಗೆ ನಾನು ಕೈ ತೋರಿಸಿದರೆ, ಆರೈಕೆಯ ಇಂದ್ರಾಬಾಯಿ ಅದು ಸೊಳ್ಳೆ ಕಡಿದದ್ದು ಎಂದಳು. ಯಾವ ಸೊಳ್ಳೆ ಕೈಯ ಸುತ್ತ ಬಳೆ ತೊಡಿಸಿದ ಹಾಗೆ ಕಡಿಯುತ್ತದೆ? ಪಕ್ಕದಲ್ಲಿ ಕೂತ ಮುದುಕಿಯರನ್ನು “ಆರಾಮ ಅದೀರೇನವ್ವಾ” ಎಂದು ಕೇಳಿದೆ. ಉತ್ತರ ಹೇಳುವ ಮುಂಚೆ ಎಲ್ಲರೂ ಇಂದ್ರಾಬಾಯಿಯ ಮುಖ ನೋಡಿದರು. ಅದನ್ನು ಕಂಡಾಗಲೇ ನಾನು ತೀರ್ಮಾನ ಮಾಡಿಬಿಟ್ಟೆ.

ಮಂಗಳವಾರ ಮೊದಲ ಬಸ್ಸಿಗೆ ಕೂಸನ್ನು ಕಟ್ಟಿಕೊಂಡು ಒಬ್ಬಳೇ ಹೋದೆ, ಯಾರಿಗೂ ಹೇಳಿ ಕಳಿಸದೆ. ಪಡಸಾಲೆ ದಾಟಿ ನೇರ ಒಳಗೆ ನಡೆದೆ. ಅತ್ತೆಯ ಎಡಗೈಯನ್ನು ಹಳೇ ಬಟ್ಟೆಯಿಂದ ಮಂಚದ ಕಾಲಿಗೆ ಕಟ್ಟಿದ್ದರು. ನೀರಿನ ತಂಬಿಗೆ ಆಚೆ ಕಿಟಕಿಯಲ್ಲಿ, ಕೈ ಬಿಚ್ಚಿದ್ದರೂ ಎಟುಕದಷ್ಟು ದೂರ. ಗಂಟು ಬಿಚ್ಚಿ, ಬೆವರು ಒರೆಸಲೆಂದು ಸೆರಗು ಸರಿಸಿದೆ. ಕುತ್ತಿಗೆ ಬರಿದಾಗಿತ್ತು. ಶಿವದಾರವೂ ಇಲ್ಲ, ಲಿಂಗವಿದ್ದ ಬೆಳ್ಳಿ ಕರಡಿಗೆಯೂ ಇಲ್ಲ! ರವಿವಾರ ಎದೆ ತಟ್ಟಿಕೊಂಡದ್ದು ಯಾಕೆಂದು ಆಗ ತಿಳಿಯಿತು. ಪಕ್ಕದ ಮಂಚದಲ್ಲಿ ರೇವವ್ವ ಎಂಬ ಕುರುಡು ಅಜ್ಜಿ ಇದ್ದಾಳೆ, ಹಿಂದೆ ಮುಂದೆ ಯಾರೂ ಇಲ್ಲದವಳು. ಅವಳು ಪಿಸುಗುಟ್ಟಿದಳು, “ಯಾರದೋ ಕಿವ್ಯಾನ ಬೆಂಡವಾಲಿ ಕಳುವಾತು ಅಂತ ಪಂಚಮಿ ಮುಂದ ಎಲ್ಲಾರ ಬೆಳ್ಳಿ ಬಂಗಾರ ಪೆಟ್ಟಿಗ್ಯಾಗ ಹಾಕಿ ಕೀಲಿ ಹಾಕಿದ್ರವ್ವಾ. ನಮ್ಮಿಬ್ಬರ ಕರಡಿಗಿನೂ ಹೋದ್ವು. ನಾ ಒದರಿದೆ, ಒದರಿದ್ದಕ್ಕ ನೀರು ಬಂದ ಮಾಡಿದ್ರು. ಹೊಟ್ಟಿ ಕೇಳಬೇಕಲ್ಲ, ಪೂಜಿ ಇಲ್ದ ಉಣ್ಣಾಕತ್ತೇನಿ. ನಿಮ್ಮತ್ತಿ ಮಾತ್ರ ತುತ್ತಿಗೆ ಬಾಯಿ ತೆರೀಲಿಲ್ಲ.”

ಲಿಂಗಕ್ಕೆ ತೋರಿಸದೆ ನಿಮ್ಮ ತಾಯಿ ಎಂದಾದರೂ ನೀರು ಮುಟ್ಟಿದ್ದುಂಟೇ? ಮನೆಮಂದಿಯ ಬಲವಿದ್ದ ಗಟ್ಟಿ ಬಾಯಿಯವರು ಜಗಳಾಡಿ ಬೆಳಿಗ್ಗೆ ಪೂಜೆಗೆ ತಮ್ಮದನ್ನು ಈಸಿಕೊಂಡರಂತೆ. ಮಾತಿಲ್ಲದವರನ್ನು ಕೇಳುವವರು ಯಾರು? ಇಂದ್ರಾಬಾಯಿ ಮೂಗು ಹಿಡಿದು ಗಂಜಿ ಸುರಿದಿದ್ದಾಳೆ. ಅತ್ತೆ ತಟ್ಟೆ ತಳ್ಳಿದ್ದಾರೆ. ತಳ್ಳಿದ ಕೈಯನ್ನು ಅವಳು ಕಟ್ಟಿದ್ದಾಳೆ. ಹೊರಗೆ ಹೇಳುವುದಕ್ಕೆ ಶ್ರಾವಣ ಹೇಗೂ ಇತ್ತು.

ಧೂಳಪ್ಪ ಓಡಿ ಬಂದು, “ತಲಿ ಹೋದವ್ರಿಗೆ ಲಿಂಗದ ಖಬರ ಎಲ್ಲಿರತೈತಿ ತಂಗಿ” ಎಂದ. “ತಲಿ ಯಾರದು ಹೋಗೇತಿ ಅಂತ ಆಮ್ಯಾಲ ನೋಡೂಣು, ಮೊದಲ ಕೀಲಿ ತಗೀರಿ” ಎಂದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ನನಗೆ ಎರಡೂ ಬರುತ್ತವೆ. ನನ್ನ ದನಿ ರಸ್ತೆಯವರೆಗೂ ಕೇಳಿಸಿರಬೇಕು. ಅತ್ತೆಯ ಕರಡಿಗೆಯೊಂದು ಕೈಗೆ ಬಂತು. ಅತ್ತೆಗೆ ಮೈ ತೊಳೆಸಿ ವಿಭೂತಿ ಹಚ್ಚಿ ಅವರ ಎಡ ಅಂಗೈಯಲ್ಲಿ ಲಿಂಗ ಇಟ್ಟೆ. ಬಿದ್ದುಹೋದ ಬಲಗೈಯನ್ನು ನಾನೇ ಹಿಡಿದು ನೀರು ಬಿಡಿಸಿದೆ, ಪತ್ರಿ ಏರಿಸಿದೆ. ತಲೆ ಹೋದವರೆಂದು ಧೂಳಪ್ಪ ಹೇಳಿದನಲ್ಲ, ಆ ಅತ್ತೆಯೇ ಒಂದೂ ತಪ್ಪದೆ ಎಲ್ಲವನ್ನೂ ಕಣ್ಣಲ್ಲೇ ಹೇಳಿ ಮಾಡಿಸಿದರು. ಪೂಜೆ ಮುಗಿಯುತ್ತಲೇ ತಾವಾಗಿ ಬಾಯಿ ತೆರೆದರು. ಹಾಲಿನಲ್ಲಿ ರೊಟ್ಟಿ ಮಿದ್ದು ತುತ್ತು ಕೊಟ್ಟೆ. ಉಣಿಸುತ್ತಾ ನಾನು ಅತ್ತುಬಿಟ್ಟೆ, ಉಣ್ಣುತ್ತಾ ಅವರೂ ಅತ್ತರು. ಅಷ್ಟು ದುಃಖ, ಅಷ್ಟು ಸಂತೋಷ ನನಗೆ ಒಟ್ಟಿಗೆ ಎಂದೂ ಆಗಿರಲಿಲ್ಲ.

ಅಲ್ಲಿಂದ ನೇರ ಆಶ್ರಮದ ಟ್ರಸ್ಟಿ ಗುರಲಿಂಗಪ್ಪ ಸಾವುಕಾರರ ಕಾಳಿನ ಅಡತಿ ಅಂಗಡಿಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಒಳಗೆ ಬಾ ಎಂದರು, ಒಲ್ಲೆ ಎಂದೆ. ಸಂತೆಗೆ ಬಂದವರೆಲ್ಲ ನಿಂತು ಕೇಳಿದರು. ಮುದುಕರು ಉಣ್ಣದಿದ್ದರೆ ಯಾಕೆಂದು ನೋಡಬೇಕು, ಕಟ್ಟಬಾರದು, ನೀರು ಕೈಗೆಟುಕುವಂತಿರಬೇಕು, ಮನೆಯವರು ಯಾವ ದಿನ ಬಂದರೂ ಒಳಗೆ ಬಿಡಬೇಕು ಎಂದೆ. ಮನುಷ್ಯ ಕೆಟ್ಟವರಲ್ಲ, ಆದರೆ ಹಬ್ಬಕ್ಕೊಮ್ಮೆ ಹಾರ ಹಾಕಿಸಿಕೊಳ್ಳಲು ಮಾತ್ರ ಅಲ್ಲಿಗೆ ಹೋಗುವವರು. ಅವರ ಮುಖ ಕಪ್ಪಿಟ್ಟಿತು. ಇಂದ್ರಾಬಾಯಿಯನ್ನು ಅಂದೇ ಕೆಲಸದಿಂದ ಬಿಡಿಸಿದರು. “ಸೋಮವಾರ ನಾನ ಬಂದು ಪೆಟ್ಟಿಗಿ ತಗಸ್ತೇನಿ, ಎಲ್ಲಾರದೂ ಅವರವರ ಕೈಗೆ ಕೊಡಸ್ತೇನಿ” ಎಂದು ಮಾತು ಕೊಟ್ಟರು. ಅತ್ತೆಯನ್ನು ಟೆಂಪೋದಲ್ಲಿ ಕರೆತಂದೆ. ಭಾವನವರು ತಾಯಿಯ ಕಾಲ ಬಳಿ ಕೂತು ಬಹಳ ಹೊತ್ತು ಏಳಲಿಲ್ಲ. ಅವರಿಗೆ ಸಿಟ್ಟಿನ ಪತ್ರ ಬರೆಯಬೇಡಿ, ಅವರ ಮೋರೆ ನೋಡಿದ್ದರೆ ನಿಮಗೂ ಮನಸ್ಸಾಗುತ್ತಿರಲಿಲ್ಲ.

ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ, ದೇಶವನ್ನು ನೀವು ನೋಡಿಕೊಳ್ಳಿ. ನಿಮ್ಮ ಜೊತೆಯ ಹುಡುಗರಿಗೆಲ್ಲ ನಮಸ್ಕಾರ ತಿಳಿಸಿ. ನೀಲಾಳ ಮುದ್ದು ನಿಮಗೊಬ್ಬರಿಗೇ.

ನಿಮ್ಮ,
ಸುಂದರವ್ವ

ತಾ.ಕ. ಲಕೋಟೆ ಅಂಟಿಸುವಷ್ಟರಲ್ಲಿ ಕಾಗದವನ್ನು ಮತ್ತೆ ಬಿಚ್ಚಬೇಕಾಯಿತು. ಇವತ್ತು ಪೂಜೆ ಆದ ಮೇಲೆ ತುತ್ತು ಹಿಡಿದರೆ ಅತ್ತೆ ಬಾಯಿ ಮುಚ್ಚಿಬಿಟ್ಟರು. ಹೊಟ್ಟೆ ನೋವೇ ಎಂದರೆ ಅಲ್ಲ, ಹಲ್ಲು ನೋವೇ ಎಂದರೆ ಅಲ್ಲ. ಎಡಗೈಯಿಂದ ಎದೆಯ ಮೇಲಿನ ಕರಡಿಗೆ ಮುಟ್ಟಿದರು, ಆಮೇಲೆ ಪಕ್ಕದ ಖಾಲಿ ನೆಲದ ಕಡೆ ಬೆರಳು ಮಾಡಿದರು. “ರೇವವ್ವಂದೇನ್ರಿ ಅತ್ತಿ?” ಎಂದೆ. ಕಣ್ಣಲ್ಲಿ ನೀರು ಇಳಿಯಿತು. ಸೋಮವಾರದವರೆಗೆ ಪೆಟ್ಟಿಗೆ ತೆಗೆಯುವುದಿಲ್ಲ ಎಂದು ರಾತ್ರಿ ಭಾವನವರಿಗೆ ಹೇಳಿದ್ದನ್ನು ಕೇಳಿಸಿಕೊಂಡಿರಬೇಕು. ಸಾವುಕಾರರು ಸೋಮವಾರ ಕೊಡಿಸ್ತಾರೆ ಎಂದರೆ ತಲೆ ಅಲ್ಲಾಡಿಸಿದರು. ಅಲ್ಲಿಯವರೆಗೆ ಆ ಕುರುಡಿ ಪೂಜೆಯಿಲ್ಲದೆ ಉಣ್ಣುತ್ತಿರಬೇಕು, ಇವರು ಇಲ್ಲಿ ಉಣ್ಣಬೇಕು. ಅದು ಆಗದ ಮಾತು. ಭಾವನವರು ರಜೆ ಹಾಕಿ ತಾಯಿಯ ಬಳಿ ಕೂತಿದ್ದಾರೆ. ನಾನು ಕೂಸನ್ನು ಎತ್ತಿಕೊಂಡು ಸಿಂದಗಿಗೆ ಹೊರಟೆ. ರೇವವ್ವ ಲಿಂಗ ಕಟ್ಟಿಕೊಂಡು ಉಂಡಳು ಎಂದು ನಾನು ಬಂದು ಹೇಳುವವರೆಗೆ ನಿಮ್ಮ ತಾಯಿ ಉಣ್ಣುವುದಿಲ್ಲ.